ಕೊನೆಯ ಹೊರೆ, ಮೊದಲ ತುತ್ತು

“ಹಲೋ... ಯಾರು ಮಾತಾಡ್ತಿರೋದು? ಅತ್ತಿಗೆನಾ?... ಹಾಂ? ಅತ್ತಿಗೆ ದನಿ ಯಾವಾಗಿಂದ ಇಷ್ಟು ದಪ್ಪ ಆಯ್ತು?... ಓ, ನೀನೇನಾ ಅಣ್ಣ! ಫೋನ್ ಇಡಬೇಡ, ಇಡಬೇಡ! ನಾನು, ನಿನ್ನ ತಂಗಿ...”

ಕಾಳಿನ ಗೋದಾಮಿನ ತೂಕದ ಕೋಣೆಯಲ್ಲಿ ನಿಂತು ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಕಿಟಕಿಯಾಚೆ, ಎಲೆ ಉದುರುವ ಕಾಲದ ಇಳಿಬಿಸಿಲಲ್ಲಿ, ಉದ್ದುದ್ದ ಬೆಂಚುಗಳು, ಹಸಿದ ಜನ. ಗೇಟಿನ ಹೊರಗೆ ಈ ವರ್ಷದ ಕೊನೆಯ ಹೊರೆ ಹೊತ್ತ ಟ್ರ್ಯಾಕ್ಟರು. ಚಾಲಕನ ಜಾಗ ಖಾಲಿ.

“ತಪ್ಪು ತಿಳ್ಕೋಬೇಡ. ಹಿರಿಯರಿರುವಾಗ ನಾನು ಬಾಯಿ ಬಿಡೋದೇ ಅಧಿಕಪ್ರಸಂಗ. ಆದ್ರೆ ಕೊಯ್ಲಿನ ಹಬ್ಬದ ಚರಿತ್ರೆ ಹೇಳು ಅಂತ ಈ ಸಲ ನನ್ನನ್ನೇ ನಿಲ್ಲಿಸಿದ್ದಾರೆ... ಯಾಕೆ ಅಂದ್ರೆ? ಸಂಜೆ ಶಾಲೆಗೆ ಹೋಗ್ತೀನಲ್ಲ, ಅದಕ್ಕೆ. ಎರಡಕ್ಷರ ಕಲಿತವಳಿಗೆ ಎಲ್ಲಾ ಗೊತ್ತು ಅಂದ್ಕೊಂಡಿದ್ದಾರೆ, ಪಾಪ...”

“ನಗಬೇಡ. ಬಾಗಿಲಿಗೆ ತೆನೆ ಕಟ್ಟೋದು ಹಕ್ಕಿಗಳ ಪಾಲು ಅಂತ ಹೇಗೋ ಹೇಳಿಬಿಡ್ತೀನಿ. ಇನ್ನೊಂದು ಅನುಮಾನ ಇದೆ. ಕೊನೆ ಹೊರೆ ತಂದವನಿಗೇ ಮನೆ ಹಿರಿ ಹೆಂಗಸು ಮೊದಲ ತುತ್ತು ಕೊಡೋದು ಯಾಕೆ?... ಗೌರವಕ್ಕಾ? ಎಲ್ಲರಿಗಿಂತ ದೊಡ್ಡ ಕೆಲಸಗಾರ ಅವನೇ ಅಂತಲಾ?... ಹಾಂ, ಅಂತೂ ನಿನ್ನ ಬಾಯಿಂದಲೇ ಬಂತು! ವರ್ಷಾ ವರ್ಷಾ ಕೊನೆ ಹೊರೆ ನೀನೇ ತರ್ತಿದ್ದೆ. ಹೋದ ವರ್ಷ ನಿನ್ನ ಕಾಲು ಮುರಿದಿತ್ತು, ನಮ್ಮ ಯಜಮಾನರು ಗಾಡಿ ತಂದ್ರು, ಅಮ್ಮ ಅವರ ಬಾಯಿಗೆ ತುತ್ತಿಟ್ಟಳು. ನೀನು ತಟ್ಟೆ ಸರಿಸಿ ಕುಂಟ್ಕೊಂಡೇ ಎದ್ದು ಹೋದೆ. ಅವತ್ತಿಂದ ಈ ಕಡೆ ತಲೆ ಹಾಕಿಲ್ಲ. ಒಂದು ತುತ್ತಿಗೆ ಒಂದು ವರ್ಷದ ಉಪವಾಸ, ಅಲ್ವಾ?...”

“ಆಯ್ತು, ಆಯ್ತು. ತುತ್ತಿನ ವಿಷಯ ಅಲ್ಲ, ಮರ್ಯಾದೆ ವಿಷಯ. ಒಪ್ಪಿದೆ... ಆದ್ರೆ ಗೋದಾಮಿನ ಕಾವಲುಗಾರ ತಾತ ಬೇರೇನೇ ಹೇಳ್ತಾರೆ. ಮೊದಲು ಹಬ್ಬ ಗಿಬ್ಬ ಏನೂ ಇರಲಿಲ್ವಂತೆ. ಕೊಯ್ದು ಸುಸ್ತಾದವರು ಕಣದಲ್ಲೇ ಹೊಸ ಕಾಳು ಬೇಯಿಸಿ ತಿಂದರಂತೆ. ಕೊನೆ ಹೊರೆಯವನು ಬರೋ ಹೊತ್ತಿಗೆ ಪಾತ್ರೆ ಬಳಿದಿಟ್ಟಂಗಿತ್ತು. ಪಿಳಿಪಿಳಿ ಕಣ್ಣು ಬಿಟ್ಕೊಂಡು ನಿಂತನಂತೆ. ಮಾರನೇ ವರ್ಷದಿಂದ ಮೊದಲ ತುತ್ತು ಅವನಿಗೆ. ಗೌರವ ಅಲ್ಲಪ್ಪ ದೊರೆ, ತಡವಾಗಿ ಬಂದವನ ಮೇಲಿನ ಕನಿಕರ!...”

“ಹಲೋ? ಇದ್ದೀಯಾ?... ಸುಳ್ಳು ಯಾಕೆ ಹೇಳ್ಲಿ? ಬೇಕಾದ್ರೆ ತಾತನ್ನೇ ಕೇಳು. ಈಗ ಬೇಡ, ಹಸಿವಿಗೆ ಅವರ ಮೀಸೆ ಕೂಡ ಜೋತು ಬಿದ್ದಿದೆ... ಯಾರೂ ಊಟಕ್ಕೆ ಕೂತಿಲ್ಲ, ಅದಕ್ಕೆ. ಅಮ್ಮ ಹಟ ಹಿಡಿದಿದ್ದಾಳೆ. ಹೊರೆ ಹೊರಗೇ ಇರಲಿ, ನನ್ನ ಮಗನೇ ಬಂದು ಒಳಗೆ ತರಲಿ ಅಂತ. ಮುಂಚೆ ನಿನ್ನ ಮೂಗಿನ ತುದೀಲಿ ಬರೀ ಕೋಪ ಇರ್ತಿತ್ತು. ಈಗ ಇಷ್ಟೂ ಜನರ ಊಟ ಅಲ್ಲೇ ನೇತಾಡ್ತಿದೆ...”

ಸಲಿಗೆ ಹೆಚ್ಚಾಯಿತೇನೋ ಎಂದು ಅವಳು ತುಟಿ ಕಚ್ಚಿಕೊಂಡಳು. ಇವತ್ತು ಬಾರದವನು ಇನ್ನು ಯಾವತ್ತೂ ಬಾರನು ಎಂದು ಅವಳ ಒಳಮನಸ್ಸು ಹೇಳುತ್ತಿತ್ತು.

“ಏನಂದೆ?... ನಮ್ಮ ಯಜಮಾನರಾ? ಅವರಿಗೆ ಬೇಜಾರಾಗಲ್ವಾ ಅಂತಲಾ? ಗೇಟಿನ ಹತ್ರ ಗಾಡಿ ನಿಲ್ಲಿಸಿ, ಕೀಲಿ ತೆಗೆದು ನನ್ನ ಕೈಗಿಟ್ಟು, ‘ನಿಮ್ಮಣ್ಣನಿಗೆ ಫೋನ್ ಮಾಡು’ ಅಂದವರೇ ಅವರು! ಹೋದ ವರ್ಷದ ತುತ್ತು ಇನ್ನೂ ಗಂಟಲಲ್ಲೇ ಸಿಕ್ಕಿಕೊಂಡಿದೆಯಂತೆ... ಅಣ್ಣ?... ಮೂಗು ಯಾಕೆ ಸೊರಸೊರ ಎಳೀತಿದ್ದೀಯಾ? ನೆಗಡಿನಾ?... ಹೂಂ, ನೆಗಡಿನೇ ಇರಬೇಕು ಬಿಡು...”

“ಅತ್ತಿಗೆನ ಯಾಕೆ ಕೂಗ್ತಿದ್ದೀಯಾ? ಏನು ಹುಡುಕ್ತಿದ್ದೀಯಾ?... ಚಪ್ಪಲಿನಾ?...”

“ತಡಿ, ಒಂದು ಮಾತು. ಆಮೇಲೆ ನನ್ನ ಬೈಬೇಡ. ತಾತ ಹೇಳಿದ್ದು ನಿಜವೋ ಕಟ್ಟುಕಥೆಯೋ, ದೇವರಾಣೆ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿದ್ದ ಹಾಗಿಲ್ಲ... ಜನರ ಮುಂದೆ ಏನು ಹೇಳ್ಲಿ ಅಣ್ಣ?... ಅಣ್ಣ? ಹಲೋ?... ಹಲ—”