ಅಪ್ಪನ ಕಂಬಳಿ

ಪಶು ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಬೆಕ್ಕಿನ ಬುಟ್ಟಿ ಹಿಡಿದು ನಿಂತ ಟೀಚರಮ್ಮ, ಮುಂದಿದ್ದ ಕುದುರೆಗಾಡಿಯವನ ಮತ್ತು ಅವನ ಅಕ್ಕನ ಮಾತಿಗೆ ಬೇಡವೆಂದರೂ ಕಿವಿಗೊಟ್ಟಿದ್ದರು.

“ಈ ಸಲ ಔಷಧಿ ಹಚ್ಚಿ ಹತ್ತು ದಿನ ಆಯ್ತಕ್ಕ, ನಮ್ಮ ಕುದುರೆ ಗೋಡೆಗೆ ಬಾಲ ಉಜ್ಜೇ ಇಲ್ಲ.”

“ಮತ್ತೆ ಔಷಧಿ ಯಾಕೆ?”

“ಮೊಟ್ಟೆ ಒಡೆದು ಮರಿಹೇನು ಬರುತ್ತಂತೆ, ಇನ್ನೊಂದು ಸಲ ಹಚ್ಚಬೇಕಂತೆ. ಹೊದಿಸೋ ಕಂಬಳೀನೂ ಒಗೀಬೇಕು ಅಂದ್ರು ಡಾಕ್ಟ್ರು.”

“ಒಗಿ.”

“ಅಪ್ಪನ ಕಂಬಳಿ ಕಣೇ! ಒಗೆದ್ರೆ ಅಪ್ಪನ ವಾಸನೆ ಹೋಗುತ್ತೆ. ಅಪ್ಪ ತೀರಿಕೊಂಡ ಮೇಲೆ ಆ ವಾಸನೆ ಇಲ್ದೆ ಅವಳು ಮೇವು ಮುಟ್ಟಲ್ಲ.”

“ಈಗ ತಿಂತಾಳಾ?”

“ಬಕೆಟ್ ನೆಕ್ಕಿ ಇಡ್ತಾಳೆ.”

“ನೀನು ಹೋದ್ಸಲ ಔಷಧಿ ಹಚ್ಚಿದ ದಿನವೇ ನಾನು ಆ ಕಂಬಳೀನ ಕುದಿಯೋ ನೀರಲ್ಲಿ ಹಾಕಿ ಒಗೆದೆ. ಅವಳ ಮೈ ಉಜ್ಜೋ ಬ್ರಶ್ಶನ್ನೂ ಅದ್ದಿದೆ.”

“ಅಕ್ಕಾ!”

“ಬಾಲದ ಬುಡ ಮುಟ್ಟಿ ನೋಡು. ನಿನ್ನ ಗಡ್ಡದ ಹಾಗೆ ಚುಚ್ಚುತ್ತೆ. ಕೂದಲು ಬರ್ತಿದೆ.”



“ಹಾಗಾದ್ರೆ ಅಪ್ಪನ ವಾಸನೆ?”

“ದಿನಾ ಅವಳ ಪಕ್ಕ ನಿಲ್ಲೋನು ಯಾರು? ಅದೇ ಬೆವರು, ಅದೇ ಹೊಗೆಸೊಪ್ಪು.”

ಔಷಧಿ ಶೀಸೆಯನ್ನು ಜೇಬಿಗಿಳಿಸಿ ಅವನು ಅಕ್ಕನ ಹಿಂದೆ ನಡೆದ. ಬಾಗಿಲ ಬಳಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ತನ್ನ ಅಂಗಿಯ ತೋಳನ್ನು ಮೂಸಿ ನೋಡಿಕೊಂಡ.