ಮಾವನ ಹೆಸರಿನ ರೈಲುದಾರಿ

ಈ ಸಭೆಯ ಅಧ್ಯಕ್ಷರೂ ನಮ್ಮ ಪಟ್ಟಣದ ಮುಖ್ಯಸ್ಥರೂ ಆದ ಮಾನ್ಯ ಎರ್ಕಿನ್‌ಬೆಕ್ ಅವರೇ, ಈ ಗಾಳಿಯನ್ನೂ ಲೆಕ್ಕಿಸದೆ ಬಿಷ್ಕೆಕ್‌ನಿಂದ ಬಂದಿರುವ ಅತಿಥಿಗಳೇ, ನಮ್ಮ ರೈಲ್ವೆ ಕ್ಲಬ್ಬಿನ ರಂಗತಂಡದ ಹಳೆಯ ಮತ್ತು ಹೊಸ ಕಲಾವಿದರೇ, ಇವತ್ತಿನಿಂದ ಈ ತಂಡದ ಹೊಣೆ ಹೊತ್ತಿರುವ ನನ್ನ ಶಿಷ್ಯೆ ಐಜಿರೆಕ್, ಹಾಗೂ ಹಿಂದಿನ ಸಾಲುಗಳಲ್ಲಿ ಕೋಟು ಬಿಚ್ಚದೆ ಕೂತಿರುವ ಸಭಿಕರೇ,

ಕೋಟು ಬಿಚ್ಚಬೇಡಿ. ಈ ಸಭಾಂಗಣದ ಒಲೆ ಕಾಯುವಷ್ಟರಲ್ಲಿ ನನ್ನ ಭಾಷಣ ಮುಗಿದಿರುತ್ತದೆ.

ನನ್ನ ಹೆಗಲಿಗೆ ಕಸೂತಿಯ ಚಪಾನ್ ನಿಲುವಂಗಿ ಹೊದಿಸಿದಿರಿ. ಬಹಳ ಬೆಚ್ಚಗಿದೆ, ಕೃತಜ್ಞಳಾಗಿದ್ದೇನೆ. ನನ್ನ ಪರಿಚಯ ಮಾಡಿಕೊಟ್ಟವರು ಒಂದು ಮಾತು ಹೇಳಿದರು: "ಬೂರುಲ್ ಎಜೆ, ನಮ್ಮೆಲ್ಲರ ಅಕ್ಕ, ಹುಟ್ಟು ಕಲಾವಿದೆ. ವೇದಿಕೆ ಹತ್ತಿದ ಮೊದಲ ದಿನವೇ ಊರನ್ನು ಗೆದ್ದವರು." ನಾನು ಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದೆ, ಇವರು ಯಾರ ಬಗ್ಗೆ ಹೇಳುತ್ತಿದ್ದಾರೆ? ಸಭಿಕರೇ, ನಾನು ಈ ವೇದಿಕೆ ಹತ್ತಿದ ಮೊದಲ ದಿನ ಊರು ಗೆಲ್ಲಲಿಲ್ಲ. ಊರು ನಕ್ಕಿತು. ಬೆಂಚು ಹಿಡಿದುಕೊಂಡು ನಕ್ಕಿತು. ಮುಂದಿನ ಸಾಲಿನಲ್ಲಿ ಕೂತಿರುವ ರೋಜಾ ಎಜೆ ಸಾಕ್ಷಿ. ತಲೆಯಾಡಿಸುತ್ತಿದ್ದಾರೆ ನೋಡಿ, ಈಗಲೂ ನಗು ತಡೆಯಲಾಗುತ್ತಿಲ್ಲ.

ಅದು ಎಪ್ಪತ್ತೆಂಟನೆಯ ಇಸವಿ. ನಾನು ಈ ಊರಿಗೆ ಸೊಸೆಯಾಗಿ ಬಂದು ಒಂದು ಚಳಿಗಾಲ ಕಳೆದಿತ್ತು. ಆಗ ಈ ತಂಡ ನಡೆಸುತ್ತಿದ್ದವರು ಜೂಮಾದಿಲ್ ಆಗಾಯ್, ನಮ್ಮೆಲ್ಲರ ಮೇಷ್ಟ್ರು. ಹಗಲು ಶಾಲೆಯಲ್ಲಿ ಭೂಗೋಳ ಕಲಿಸುವುದು, ಸಂಜೆ ಇಲ್ಲಿ ನಾಟಕ ಕಲಿಸುವುದು. ಆ ವರ್ಷ ಅವರೇ ಒಂದು ನಾಟಕ ಬರೆದರು. ನಮ್ಮ ಕಣಿವೆಗೆ ಮೊದಲ ರೈಲು ಬಂದ ಕಥೆ. ಕೊನೆಯ ದೃಶ್ಯದಲ್ಲಿ ನಾಯಕಿ ದಿಬ್ಬದ ಮೇಲೆ ನಿಂತು, ರೈಲು ಬರುತ್ತಿರುವುದು ತಿಳಿಯದೆ ಹಳಿಯ ಮೇಲೆ ಕುರಿ ಹೊಡೆದುಕೊಂಡು ಹೋಗುತ್ತಿರುವ ಕುರುಬರಿಗೆ ಕೂಗಿ ಹೇಳಬೇಕು, "ತೆಮಿರ್ ಜೋಲ್! ತೆಮಿರ್ ಜೋಲ್ ಬಂತು!" ಕಬ್ಬಿಣದ ದಾರಿ ಬಂತು, ರೈಲುದಾರಿ ಬಂತು ಅಂತ. ಎಂಥ ಸುಲಭದ ಮಾತು! ಮೂರು ವರ್ಷದ ಮಗು ಹೇಳುತ್ತದೆ.

ನಾನು ಹೇಳುವ ಹಾಗಿರಲಿಲ್ಲ. ಯಾಕೆಂದರೆ ನನ್ನ ಮಾವನ ಹೆಸರು ತೆಮಿರ್.

ಇಲ್ಲಿರುವ ಹಿರಿಯರಿಗೆ ಇಷ್ಟು ಹೇಳಿದರೆ ಸಾಕು. ಫೋನು ನೋಡುತ್ತಿರುವ ಹುಡುಗಿಯರಿಗೆ ಇನ್ನೆರಡು ಮಾತು. ನಮ್ಮ ಕಾಲದಲ್ಲಿ ಸೊಸೆಯಾದವಳು ಗಂಡನ ಹೆಸರನ್ನಾಗಲಿ ಅವನ ಮನೆಯ ಹಿರಿಯರ ಹೆಸರನ್ನಾಗಲಿ ಎತ್ತುವಂತಿರಲಿಲ್ಲ. ಹೆಸರಷ್ಟೇ ಅಲ್ಲ, ಆ ಹೆಸರಿನ ಪದವನ್ನೂ ಎತ್ತುವಂತಿರಲಿಲ್ಲ. ಮಾವನ ಹೆಸರು ಕಬ್ಬಿಣವಾದರೆ ಮನೆಯಲ್ಲಿ ಕಬ್ಬಿಣವೆಂಬುದೇ ಇಲ್ಲ. ನಮ್ಮ ಮನೆಯಲ್ಲಿ ಇದ್ದದ್ದು "ಗಟ್ಟಿ". ಗಟ್ಟಿ ಬಕೆಟ್ಟು, ಗಟ್ಟಿ ಮಂಚ, ಗಟ್ಟಿ ಮೊಳೆ. ಮಾವ ರೈಲುಹಳಿ ರಿಪೇರಿಯ ಗ್ಯಾಂಗಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹೆಸರೂ ಕಬ್ಬಿಣ, ಕೆಲಸವೂ ಕಬ್ಬಿಣ, ಸ್ವಭಾವ ಕೇಳಲೇಬೇಡಿ.

ಹಾಗಾದರೆ ಆ ನಾಟಕಕ್ಕೆ ಯಾಕೆ ಹೋದೆ? ಹಟ, ಸಭಿಕರೇ, ಹಟ. ನನ್ನ ತವರಿನಲ್ಲಿ ನಾನು ಬೆಟ್ಟದ ಈಚೆ ನಿಂತು ಕೂಗಿದರೆ ಆಚೆಯ ಕುದುರೆ ತಲೆ ಎತ್ತುತ್ತಿತ್ತು. ಮದುವೆಯಾದ ಮೇಲೆ ಪಿಸುಮಾತು. ಚಾ ಸುರಿಯುವಾಗ ಪಿಸುಮಾತು, ಊಟಕ್ಕೆ ದಸ್ತರ್‌ಖಾನ್ ಹಾಸುವಾಗ ಪಿಸುಮಾತು. ನನ್ನ ದನಿ ಎಲ್ಲಿ ಹೋಯಿತು ಎಂದು ನನಗೇ ಭಯವಾಗತೊಡಗಿತ್ತು. ಕ್ಲಬ್ಬಿನ ಬಾಗಿಲಲ್ಲಿ "ಪಾತ್ರಗಳ ಆಯ್ಕೆ, ಯಾರು ಬೇಕಾದರೂ ಬರಬಹುದು" ಅಂತ ಚೀಟಿ ಅಂಟಿಸಿದ್ದರು. ಯಾರು ಬೇಕಾದರೂ ಅಂದರೆ ನಾನೂ ತಾನೇ?

ಬಂದೆ. ಇದೇ ಜಾಗದಲ್ಲಿ ನಿಂತೆ. ಮಾತೆಲ್ಲ ಚೆನ್ನಾಗಿಯೇ ಬಂತು. ಜೂಮಾದಿಲ್ ಆಗಾಯ್ ಕನ್ನಡಕ ತೆಗೆದು ನೋಡಿದರು. ಅವರು ಕನ್ನಡಕ ತೆಗೆದರೆ ಮೆಚ್ಚಿದರು ಅಂತ ಅರ್ಥ. ಕೊನೆಯ ಮಾತು ಬಂತು. ಬಾಯಿ ತೆರೆದೆ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಆಮೇಲೆ ನನ್ನ ಬಾಯಿಂದ ಬಿದ್ದದ್ದು, "ಗಟ್ಟಿ ದಾರಿ! ಗಟ್ಟಿ ದಾರಿ ಬಂತು!"

ಹಿಂದಿನ ಬೆಂಚಿನಿಂದ ಡಿಪೋದ ಚಾಲಕ ಒಬ್ಬ ಕೂಗಿದ, "ಅಷ್ಟು ಗಟ್ಟಿ ಯಾವ್ದಮ್ಮಾ? ನಮ್ಮ ಕ್ಯಾಂಟೀನ್ ರೊಟ್ಟೀನಾ?"

ಅಷ್ಟೇ. ಸಭಾಂಗಣವೇ ಬಿದ್ದು ಬಿದ್ದು ನಕ್ಕಿತು. ರೋಜಾ ಎಜೆಯೂ ಅದೇ ಪಾತ್ರಕ್ಕೆ ಬಂದಿದ್ದರು, ಪರದೆಗೆ ಮುಖ ಮುಚ್ಚಿಕೊಂಡು ನಕ್ಕರು. ಆಗಾಯ್ ಮಾತ್ರ ನಗಲಿಲ್ಲ. ನನ್ನನ್ನು ಹತ್ತಿರ ಕರೆದರು.

"ನಿನ್ನ ಮಾವ ತೆಮಿರ್ ಅಲ್ವಾ?"

ನಾನು ತಲೆ ತಗ್ಗಿಸಿದೆ.

"ನೋಡು ತಂಗಿ, ನಂಗೆ ನಿನ್ನ ದನಿ ಬೇಕು. ಆದ್ರೆ ನಾಟಕದ ಮಾತು ಬದಲಾಯಿಸೋಕಾಗಲ್ಲ, ನಿನ್ನ ಮಾವನ ಹೆಸರೂ ಬದಲಾಯಿಸೋಕಾಗಲ್ಲ. ಮುಂದಿನ ಭಾನುವಾರ ಇನ್ನೊಂದು ಸುತ್ತು ಇಟ್ಕೋತೀನಿ. ಆ ಮಾತು ಬಾಯಿಗೆ ಬಂದ್ರೆ ಬಾ. ಬರದಿದ್ರೆ ಪಾತ್ರ ರೋಜಾಗೆ."

ಮನೆಗೆ ಹೋಗಿ ನನ್ನ ಗಂಡ ನೂರ್ದಿನ್‌ಗೆ ಹೇಳಿದೆ. "ನೀವೊಂದು ಮಾತು ಅತಾ ಹತ್ರ ಕೇಳಿ. ಹೆಸರಲ್ಲ, ಬರೀ ರೈಲುದಾರಿ ಅಂತ." ನನ್ನ ಗಂಡ ಒಳ್ಳೆಯವರು. ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ. ಅವರು ಬೂಟು ಹಾಕಿಕೊಳ್ಳುತ್ತ ಹೇಳಿದ್ದು, "ಅಪ್ಪನ ಹತ್ರ ನಾನು ಹೊಸ ಗರಗಸ ಕೇಳೋಕೇ ಎರಡು ವರ್ಷದಿಂದ ಯೋಚನೆ ಮಾಡ್ತಿದೀನಿ. ಇದನ್ನ ಕೇಳಲಾ? ನನ್ನ ಬಿಟ್ಬಿಡು ಮಾರಾಯ್ತಿ."

ಆಮೇಲೆ ಉಳಿದದ್ದು ಹಸು ಒಂದೇ. ಸಂಜೆ ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಅಭ್ಯಾಸ ಶುರುಮಾಡಿದೆ. "ತೆ..." ಅನ್ನುತ್ತಿದ್ದೆ. ಹಸು ನೋಡುತ್ತಿತ್ತು. "ತೆಮಿ..." ಅನ್ನುತ್ತಿದ್ದೆ. ಮುಂದಿನ ಅಕ್ಷರ ಬರುತ್ತಿರಲಿಲ್ಲ. ಹಾಗೆ ಒದ್ದಾಡುವಾಗ ಒಂದು ಸಂಜೆ ಹಿಂದೆ ನೆರಳು ಬಿತ್ತು. ನನ್ನ ಅತ್ತೆ, ಸೈರಾಕಾನ್.

"ಯಾರಿಗೆ ಬೈತಿದೀಯ?"

"ಯಾರಿಗೂ ಇಲ್ಲ ಅಪಾ."

"ಹಸು ಹೆದರಿ ಹಾಲು ಬಿಡ್ತಿಲ್ಲ. ಏನು ವಿಷಯ?"

ಹೇಳಿದೆ. ಇನ್ನು ಬಕೆಟ್ಟು ನನ್ನ ತಲೆಗೇ ಬೀಳುತ್ತದೆ ಅಂದುಕೊಂಡೆ. ನನ್ನ ಅತ್ತೆ ಕಟುವಾದ ಹೆಂಗಸು. ನಾನು ಬಂದ ದಿನದಿಂದ ಒಂದು ಸಲವೂ ನನ್ನ ರೊಟ್ಟಿ ಚೆನ್ನಾಗಿದೆ ಅಂದವರಲ್ಲ. ಅವರು ಹುಲ್ಲಿನ ಹೊರೆಯ ಮೇಲೆ ಕೂತರು. ಕೇಳಿದರು, "ಆ ಹುಡುಗಿ, ನಾಟಕದವಳು, ಯಾಕೆ ಕೂಗ್ತಾಳೆ?"

"ಹಳಿ ಮೇಲೆ ಜನ ಇದಾರೆ ಅಪಾ. ಕೂಗದಿದ್ರೆ ಸಾಯ್ತಾರೆ."

ಅತ್ತೆ ಹುಲ್ಲುಕಡ್ಡಿಯೊಂದನ್ನು ಮುರಿಯುತ್ತ ಕೂತರು. ಆಮೇಲೆ ಹೇಳಿದರು. ಸಭಿಕರೇ, ಇದನ್ನು ನಾನು ಇಲ್ಲಿ ಹೇಳಬೇಕು ಅಂದುಕೊಂಡು ಬಂದವಳಲ್ಲ. ಬಾಯಿಗೆ ಬಂತು, ಹೇಳಿಬಿಡುತ್ತೇನೆ. ಅತ್ತೆ ಮಾವ ಇಬ್ಬರೂ ಈಗಿಲ್ಲ.

ನನ್ನ ಗಂಡ ಹುಟ್ಟುವ ಮೊದಲು ಅವರಿಗೆ ಒಂದು ಹೆಣ್ಣು ಮಗು ಇತ್ತಂತೆ. ಜಿಬೆಕ್ ಅಂತ ಹೆಸರು. ಬೇಸಿಗೆಯ ಹುಲ್ಲುಗಾವಲಿಗೆ ಎಲ್ಲರೂ ಕೂಡಿ ಹೊರಟಿದ್ದರು. ಹಿಮ ಕರಗಿ ಹೊಳೆ ತುಂಬಿತ್ತು. ಮಾವ ಮುಂದೆ, ತಮ್ಮಂದಿರ ಮತ್ತು ಬೇರೆ ಸವಾರರ ಜೊತೆ ಕುರಿ ದಾಟಿಸುತ್ತಿದ್ದರು. ಹಿಂದೆ ಅತ್ತೆ, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುದುರೆಯ ಮೇಲೆ. ನಡುಹೊಳೆಯಲ್ಲಿ ಕುದುರೆ ಜಾರಿತು.

"ನಾನು 'ಓಯ್' ಅಂತ ಕೂಗಿದೆ," ಅಂದರು ಅತ್ತೆ. "ಅಲ್ಲಿ ಎಲ್ರೂ ಓಯ್ ಓಯ್ ಅಂತ ಕುರಿಗೆ ಕೂಗ್ತಿದ್ರು. ಯಾರ ಓಯ್ ಅಂತ ಯಾರಿಗೆ ಗೊತ್ತಾಗ್ಬೇಕು? ಮತ್ತೆ ಕೂಗಿದೆ, ಓಯ್ ಅಂತಾನೇ. ಅವರು ತಿರುಗಿ ನೋಡೋ ಹೊತ್ತಿಗೆ ನನ್ನ ಕೈಲಿ ಬರೀ ಬಟ್ಟೆ ಇತ್ತು."

ನಾನು ಹಸುವಿನ ಕೊರಳಿಗೆ ಒರಗಿಕೊಂಡು ನಿಂತೆ.

"ಹೆಸರು ನಾಲಿಗೆ ತುದೀಲಿತ್ತು ಮಗಳೇ. ನೀರಲ್ಲಿ ಮುಳುಗ್ತಾ ಇದೀನಿ, ಆದ್ರೂ ಮೈದುನರು ಕೇಳಿಸ್ಕೋತಾರಲ್ಲ ಅಂತ ನಾಚಿಕೆ ಆಯ್ತು."

ಇಷ್ಟು ಹೇಳಿ ಎದ್ದರು. ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಹಸುವಿನ ಕಿವಿಯ ಹತ್ತಿರ ಬಾಗಿದರು. "ತೆಮಿರ್" ಅಂದರು. ಹೊಸದಾಗಿ ಮಾತು ಕಲಿತ ಮಗುವಿನ ಹಾಗೆ. ಇನ್ನೊಂದು ಸಲ, ಸ್ವಲ್ಪ ಗಟ್ಟಿಯಾಗಿ, "ತೆಮಿರ್." ಆಮೇಲೆ ನನ್ನ ಕಡೆ ತಿರುಗಿ, "ಹ್ಞೂಂ. ಈಗ ನೀನು ಹೇಳು. ಬೇಗ ಹೇಳು, ಹಾಲು ಕರೆಯೋದಿದೆ," ಅಂದರು.

ಹೇಳಿದೆ ಸಭಿಕರೇ. ಅತ್ತೆ ಹೇಳಿಸಿದರು, ನಾನು ಹೇಳಿದೆ.

ಭಾನುವಾರ ಅತ್ತೆ ನನ್ನ ಜೊತೆ ಈ ಸಭಾಂಗಣಕ್ಕೆ ಬಂದರು. ಬಿಳಿಯ ಹಬ್ಬದ ತಲೆವಸ್ತ್ರ ಕಟ್ಟಿಕೊಂಡು, ಆ ತಮಾಷೆ ಮಾಡಿದ ಚಾಲಕನ ಪಕ್ಕದಲ್ಲೇ ಹೋಗಿ ಕೂತರು. ಅವನು ಅವತ್ತು ಉಸಿರೂ ಬಿಡಲಿಲ್ಲ. ನಾನು ಕೂಗಿದೆ. ಕಿಟಕಿಯ ಗಾಜು ಅದುರಿತು ಅಂತ ಆಗಾಯ್ ಆಮೇಲೆ ಹೇಳುತ್ತಿದ್ದರು. ಗಾಜು ಮೊದಲೇ ಸಡಿಲವಿತ್ತು, ಇರಲಿ. ಪಾತ್ರ ನನಗೆ ಸಿಕ್ಕಿತು. ರೋಜಾ ಎಜೆ ನನ್ನ ಗೆಳತಿಯ ಪಾತ್ರ ಮಾಡಿದರು, ಅಂದಿನಿಂದ ನಿಜವಾಗಿಯೂ ಗೆಳತಿಯಾದರು.

ಸುದ್ದಿ ಮಾವನ ಕಿವಿಗೆ ಬೀಳಲು ಎಷ್ಟು ಹೊತ್ತು? ನಾವು ಮನೆ ತಲುಪುವುದಕ್ಕಿಂತ ಮೊದಲೇ ಬಿದ್ದಿತ್ತು. ಮಾವ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನು ಸುರಿದ ಚಾ ಮುಟ್ಟದಾದರು. ನಾನು ಒಳಗೆ ಬಂದರೆ ಅವರು ಹೊರಗೆ. ಅಕ್ಕಪಕ್ಕದವರು ಮನೆಗೇ ಬಂದು ಹೇಳಿದರು, "ಮಾವನ ಹೆಸರನ್ನ ದನದ ಹೆಸರು ಕೂಗಿದ ಹಾಗೆ ಕೂಗ್ತಾಳಂತೆ ನಿಮ್ಮ ಸೊಸೆ." ನನ್ನ ಗಂಡ, "ಬಿಟ್ಬಿಡು ಬೂರುಲ್, ಇನ್ನೊಂದು ನಾಟಕ ಬರುತ್ತೆ," ಅಂದರು. ನನಗೂ ಒಮ್ಮೊಮ್ಮೆ ಬಿಟ್ಟುಬಿಡೋಣ ಅನ್ನಿಸಿತು. ಆದರೆ ಪ್ರತಿ ಸಂಜೆ ಅತ್ತೆ ನನ್ನ ಕೈಯಿಂದ ಬಕೆಟ್ಟು ಕಸಿದುಕೊಂಡು, "ಹೋಗು, ನಿನ್ನ ರೈಲು ಹೊರಡುತ್ತೆ," ಅನ್ನುತ್ತಿದ್ದರು. ಬಿಡುವುದು ಹೇಗೆ?

ನಾಟಕದ ದಿನ ಬಂತು. ಮಾವ ಬರುವುದಿಲ್ಲ ಅಂದಿದ್ದರು. ಆದರೆ ಹಳಿಯ ಗ್ಯಾಂಗಿನ ಹಳೆಯ ಗೆಳೆಯರು ಬಿಡಬೇಕಲ್ಲ. ತಮ್ಮ ಕಥೆಯನ್ನೇ ನಾಟಕ ಮಾಡಿದ್ದಾರೆ, ಬರದೆ ಇರುತ್ತೀಯಾ ಅಂತ ಎಳೆದುಕೊಂಡು ಬಂದರು. ಅವರು ಕೂರಲಿಲ್ಲ. ಅಗೋ, ಆ ಬಾಗಿಲ ಹತ್ತಿರ ಕಲ್ಪಾಕ್ ಟೋಪಿ ತೊಟ್ಟು ನಿಂತಿದ್ದರು. ಕೊನೆಯ ದೃಶ್ಯ. ನಾನು ದಿಬ್ಬ ಹತ್ತಿದೆ. ದಿಬ್ಬ ಅಂದರೆ ಎರಡು ಮೇಜು, ಮೇಲೊಂದು ಕಂಬಳಿ. ಅಲ್ಲಿಂದ ಕಂಡೆ, ಮಾವ ಬೆನ್ನು ತಿರುಗಿಸಿ ಬಾಗಿಲು ತಳ್ಳುತ್ತಿದ್ದಾರೆ. ಆ ಮಾತು ಬರುವ ಮೊದಲೇ ಹೊರಟುಬಿಡಬೇಕು ಅಂತ.

ಆ ಕ್ಷಣ ನನ್ನ ನಾಲಿಗೆ ಮತ್ತೆ ಅಂಟಿಕೊಂಡಿತು, ಸುಳ್ಳು ಯಾಕೆ ಹೇಳಲಿ. ಮುಂದಿನ ಸಾಲಿನಲ್ಲಿ ಅತ್ತೆಯ ಬಿಳಿ ತಲೆವಸ್ತ್ರ ಕಂಡಿತು. ಅವರ ತುಟಿ ಅಲ್ಲಾಡುತ್ತಿತ್ತು. ನಾನು ಕೂಗಿದೆ. ನಾಟಕಕ್ಕೆ ಕೂಗಿದೆನೋ, ಯಾರಿಗೆ ಕೂಗಿದೆನೋ, ಎದೆ ಬಿರಿಯುವ ಹಾಗೆ ಕೂಗಿದೆ. "ತೆಮಿರ್!"

ಮುಂದಿನ ಪದಕ್ಕೆ ಉಸಿರು ಸಾಲದೆ ಅಷ್ಟಕ್ಕೇ ನಿಂತುಹೋಯಿತು. ಬರೀ ಹೆಸರು. ಇಡೀ ಸಭಾಂಗಣದಲ್ಲಿ ಬರೀ ಹೆಸರು. ಉಸಿರು ತಗೊಂಡು ಉಳಿದದ್ದನ್ನು ಕೂಗಿದೆ. ಪರದೆ ಬಿತ್ತು. ಚಪ್ಪಾಳೆ ಬಿತ್ತೋ ಇಲ್ಲವೋ ನನಗೆ ನೆನಪಿಲ್ಲ.

ಮಾರನೆಯ ಬೆಳಿಗ್ಗೆ ಚಾ ಹೊತ್ತಿಗೆ ಮಾವ ದಸ್ತರ್‌ಖಾನ್ ಮುಂದೆ ಬಂದು ಕೂತರು. ನಾನು ಚಾ ಸುರಿದು ಬೋಗುಣಿ ಮುಂದಿಟ್ಟೆ. ತೆಗೆದುಕೊಂಡರು. ಆಮೇಲೆ ಹೇಳಿದರು, "ಇಡೀ ಊರಿನ ಮುಂದೆ ನನ್ನ ಹೆಸರು ಕೂಗ್ಬಿಟ್ಟೆಯಲ್ಲ ಸೊಸೆ."

"ರೈಲುದಾರಿ ಅಂತ ಕೂಗಿದ್ದು ಅತಾ."

"ಗೊತ್ತು. ಗೊತ್ತಿದ್ರೂ ತಿರುಗಿ ನೋಡ್ಬಿಟ್ಟೆ."

ಅತ್ತೆ ಬೆಣ್ಣೆಯ ತಟ್ಟೆ ಸರಿಸುತ್ತಿದ್ದರು. ಕೈ ನಿಂತಿತು. ಬಹಳ ಮೆಲ್ಲಗೆ ಹೇಳಿದರು, "ಹಾಗಾದ್ರೆ, ಹೆಸರು ಹಿಡಿದು ಕೂಗಿದ್ರೆ ನೀವು ತಿರುಗಿ ನೋಡ್ತೀರಿ."

ಮಾವ ಬೋಗುಣಿ ಕೆಳಗಿಟ್ಟರು. ಅವರಿಗೆ ಅರ್ಥವಾಯಿತು. ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಅಷ್ಟು ವರ್ಷ ಅವರೂ ಅದೇ ಹೊಳೆಯ ದಂಡೆಯಲ್ಲೇ ನಿಂತಿದ್ದರು. ನಾನು ಕೆಟಲು ತೆಗೆದುಕೊಂಡು ಹೊರಗೆ ಬಂದೆ. ಒಳಗಿನಿಂದ ಅತ್ತೆ ಅಳುವ ಸದ್ದು ಕೇಳಿಸಿತು. ಅವರು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಅಂದಿನಿಂದ ಆ ಮನೆಯಲ್ಲಿ ಬಕೆಟ್ಟು ಕಬ್ಬಿಣದ್ದಾಯಿತು. ನನ್ನ ಪ್ರತಿ ನಾಟಕಕ್ಕೂ ಮಾವ ಬಂದರು. ಕೂತೇ ನೋಡಿದರು. ಚೆನ್ನಾಗಿದೆ ಅಂತ ಒಮ್ಮೆಯೂ ಹೇಳಲಿಲ್ಲ, ಅದು ಬೇರೆ ಮಾತು.

ಮಾನ್ಯ ಅಧ್ಯಕ್ಷರು ತಮ್ಮ ಭಾಷಣದಲ್ಲಿ ಬಹಳ ನಯವಾಗಿ ಒಂದು ಸಲಹೆ ಕೊಟ್ಟರು. ಈ ಸಭಾಂಗಣವನ್ನು ಇನ್ನು ಮೇಲೆ ಮದುವೆ ಔತಣಕ್ಕೂ ಕೊಡಬಹುದು, ನಾಟಕ ವರ್ಷಕ್ಕೊಮ್ಮೆ ಆದರೂ ಸಾಕು ಎಂದರು. ಅಧ್ಯಕ್ಷರೇ, ನಿಮ್ಮನ್ನು ಇದೇ ವೇದಿಕೆಯಲ್ಲಿ ಕುರಿಮರಿಯ ವೇಷದಲ್ಲಿ ನೋಡಿದವಳು ನಾನು, ಸಲಿಗೆಯಿಂದ ಹೇಳುತ್ತೇನೆ. ಉಣ್ಣುವುದಕ್ಕೆ, ಕುಣಿಯುವುದಕ್ಕೆ ನಮ್ಮೂರಲ್ಲಿ ಬೇಕಾದಷ್ಟು ಜಾಗಗಳಿವೆ. ಕೂಗುವುದಕ್ಕೆ ಇರುವುದು ಇದೊಂದೇ. ಇದನ್ನು ನಾವು ಕೊಡುವುದಿಲ್ಲ. ಚಪಾನ್ ಹೊದಿಸಿದರೂ ಕೊಡುವುದಿಲ್ಲ. ವಾಪಸ್ಸು ಕೇಳಿದರೆ ಚಪಾನ್ ಬೇಕಾದರೆ ಕೊಡುತ್ತೇನೆ.

ಐಜಿರೆಕ್, ಮಗಳೇ, ಹೊಸ ನಾಟಕಕ್ಕೆ ನಾಳೆ ಬೆಳಿಗ್ಗೆ ಆಡಿಷನ್ ಇಟ್ಟಿದ್ದೀಯ ಅಂತ ಕೇಳಿದೆ. ಅದರಲ್ಲಿ ಒಬ್ಬ ಮುದುಕಿಯ ಪಾತ್ರ ಇದೆಯಂತೆ, ಅದನ್ನು ಗೌರವಕ್ಕಾಗಿ ನನಗೇ ಇಡಬೇಕು ಅಂತ ನಿನ್ನ ತಂಡದಲ್ಲಿ ಮಾತಾಯಿತಂತೆ. ಬೇಡ. ನಾನು ಬರುತ್ತೇನೆ, ಎಲ್ಲರ ಜೊತೆ ಸಾಲಲ್ಲಿ ನಿಲ್ಲುತ್ತೇನೆ. ರೋಜಾ ಎಜೆಯೂ ಬರುತ್ತಾರಂತೆ. ಈ ಸಲ ನನ್ನನ್ನು ಸೋಲಿಸದೆ ಬಿಡಲ್ಲ ಅಂತ ನಾನು ವೇದಿಕೆ ಹತ್ತುವ ಮೊದಲು ಕಿವಿಯಲ್ಲಿ ಹೇಳಿದರು. ನನ್ನ ಬಾಯಲ್ಲಿ ಮಾತು ಬರದಿದ್ದರೆ ಪಾತ್ರ ಅವರಿಗೆ ಕೊಡು. ಹಿಂದಿನ ಸಾಲಿನವರೇ, ಚಾ ಕಾಯಿಸುತ್ತ ಒಳಗೆ ನಿಂತಿರುವ ಸೊಸೆಯರೇ, ನೀವೂ ಬನ್ನಿ. ನಗುತ್ತಾರೆ, ನಗಲಿ. ಮತ್ತೆ ಬನ್ನಿ.

ನನ್ನ ಮಾತು ಉದ್ದವಾಯಿತು, ಚಾ ಆರಿತು. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ಬಾಗಿಲು ತೆರೆಯುವುದು ಹತ್ತು ಗಂಟೆಗೆ, ನಾನು ಒಂಬತ್ತಕ್ಕೇ ಬಂದಿರುತ್ತೇನೆ. ನಮಸ್ಕಾರ.