ಆರು ಗಂಟೆ ಆಗಲೆಂದು

ತಾಯಿ ತೀರಿಕೊಂಡ ಸಂಜೆ, ಲಂಡನ್ನಿನ ಆಸ್ಪತ್ರೆಯೊಂದರ ಮುಂದಿನ ಬಸ್ ನಿಲ್ದಾಣದಲ್ಲಿ ಬರ್ನಡೆಟ್ ಮತ್ತು ಅವಳ ತಮ್ಮ ಫರ್ಗಸ್ ಕುಳಿತಿದ್ದರು. ಪಕ್ಕದಲ್ಲಿದ್ದ ಅಪರಿಚಿತ ಮುದುಕಿ ನೋರಾ ಜಪಮಣಿ ಹಿಡಿದು ಸುಮ್ಮನೆ ಕೇಳುತ್ತಿದ್ದಳು.

“ನಾನು ಫೋನ್ ಮಾಡಿ ಒಂದು ಗಂಟೆ ಆಗಿತ್ತಲ್ಲೋ. ಎಲ್ಲಿ ಹೋಗಿದ್ದೆ?”

“ಸೇತುವೆ ಆಚೆ ವ್ಯಾನಲ್ಲೇ ಕೂತಿದ್ದೆ ಅಕ್ಕ. ಆರು ಗಂಟೆಗೆ ಮುಂಚೆ ನಗರದ ಮಧ್ಯಕ್ಕೆ ಗಾಡಿ ತಂದ್ರೆ ಹದಿನೈದು ಪೌಂಡ್ ಸುಂಕ. ಆರಾಗ್ಲಿ ಅಂತ ಕಾದೆ.”

“ಹದಿನೈದು ಪೌಂಡ್ ಉಳಿಸೋಕೆ ಅಮ್ಮನ್ನೇ ಕಳ್ಕೊಂಡ್ಯಲ್ಲೋ, ಜಿಪುಣಾ!”

“ಹೋದ ವಾರ ಮಧ್ಯಾಹ್ನ ಬಂದಿದ್ದಕ್ಕೆ ಅಮ್ಮನೇ ಬೈದಿದ್ಲು. ‘ದುಡ್ಡು ದಂಡ ಮಾಡ್ಬೇಡ, ಆರಾದ್ಮೇಲೆ ಬಾ’ ಅಂದಿದ್ಲು. ಇಷ್ಟು ಬೇಗ ಹೋಗ್ತಾಳೆ ಅಂತ ನಂಗೇನು ಗೊತ್ತು?”

ಬರ್ನಡೆಟ್ ತಮ್ಮನ ಕಡೆ ತಿರುಗಿದಳು.

“ಅದಕ್ಕೇನಾ? ‘ಗಂಟೆ ಆರಾಯ್ತಾ, ಆರಾಯ್ತಾ’ ಅಂತ ಕೇಳ್ತಾನೇ ಇದ್ಲು. ಔಷಧಿ ಹೊತ್ತು ಕೇಳ್ತಿದಾಳೆ ಅಂದ್ಕೊಂಡೆ.”

“ಎಷ್ಟು ಹೊತ್ತಿಗೆ ಹೋದ್ಲು?”

“ಆರಕ್ಕೆ ಇನ್ನೂ ಹತ್ತು ನಿಮಿಷ ಇತ್ತು ಕಣೋ.”

ಬಸ್ಸು ಬಂತು.

“ಎದ್ದೇಳು. ವ್ಯಾನ್ ಇಲ್ಲೇ ಇರ್ಲಿ, ಈ ದುಃಖದಲ್ಲಿ ಓಡಿಸ್ಬೇಡ.”

ಅವನ ತೋಳು ಹಿಡಿದು ಬರ್ನಡೆಟ್ ಬಸ್ಸು ಹತ್ತಿಸಿದಳು. ಹೆಸರೂ ತಿಳಿಯದ ಆ ತಾಯಿಗಾಗಿ ನೋರಾ ಶಿಲುಬೆಯ ಗುರುತು ಹಾಕಿಕೊಂಡಳು. “ಪ್ರಭುವೇ, ಮಗನ ದಾರಿ ಕಾಯುತ್ತಲೇ ಹೊರಟುಬಂದಿದ್ದಾಳೆ. ನಿನ್ನ ಬಳಿ ಅವಳಿಗೆ ಶಾಂತಿ ಸಿಗಲಿ.”